ಮೊಟ್ಟೆಯ ಸಿಪ್ಪೆ ತೆಳ್ಳಗಾಗ್ತಿದೆಯಾ? ಮೇವು ನೋಡಿ

ನಮ್ಮ ಹಾವೇರಿ ಕಡೆ ಹಿತ್ತಲಲ್ಲಿ ಕೋಳಿ ಸಾಕಿದವರು ಜಾಸ್ತಿ ಹಾಕುವುದು ಗೋವಿನಜೋಳವನ್ನೇ (ಮೆಕ್ಕೆಜೋಳ). ಹೊಲದಲ್ಲೇ ಬೆಳೆದಿರುತ್ತದೆ, ಸುಲಭ ಅಲ್ವಾ? ಆದರೆ ಮೊಟ್ಟೆ ಇಡುವ ಕೋಳಿಗೆ ಅದೊಂದೇ ಸಾಲದು. ಅದರಲ್ಲಿ ಪ್ರೋಟೀನ್ ಶೇ 9ರ ಆಸುಪಾಸು, ಕೋಳಿಗೆ ಬೇಕಿರುವುದು ಸುಮಾರು ಶೇ 16. ಕ್ಯಾಲ್ಸಿಯಂ ಅಂತೂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದಕ್ಕೇ ಸಿಪ್ಪೆ ತೆಳ್ಳಗಾಗಿ, ಎತ್ತಿಕೊಳ್ಳುವಾಗಲೇ ಬೆರಳು ಒಳಗಿಳಿಯುತ್ತದೆ.

ಗೋವಿನಜೋಳದ ಜೊತೆ ಶೇಂಗಾ ಹಿಂಡಿ ಪುಡಿ ಮಾಡಿ ಬೆರೆಸಿ. ಹಿಂಡಿಯಾಗಲಿ ಜೋಳವಾಗಲಿ, ಬೂಷ್ಟು ಹಿಡಿದಿದ್ದರೆ ಒಂದು ಹಿಡಿಯನ್ನೂ ಹಾಕಬೇಡಿ. ಬೂಷ್ಟಿನ ವಿಷ ಕೋಳಿಯ ಲಿವರ್ ಕೆಡಿಸುತ್ತದೆ.

ಕ್ಯಾಲ್ಸಿಯಂಗೆ ಮನೆಯ ಮೊಟ್ಟೆಸಿಪ್ಪೆಯೇ ಸಾಕಷ್ಟು ಕೆಲಸ ಮಾಡುತ್ತದೆ. ತೊಳೆದು, ಹಂಚಿನ ಮೇಲೆ ಗರಿಗರಿಯಾಗುವವರೆಗೆ ಹುರಿದು, ರವೆಯ ಹಾಗೆ ಕುಟ್ಟಿ. ದೊಡ್ಡ ಚೂರು ಹಾಗೇ ಬಿಡಬೇಡಿ, ರುಚಿ ಹತ್ತಿ ಗೂಡಿನ ಮೊಟ್ಟೆಯನ್ನೇ ಕುಕ್ಕುವ ಚಟ ಬೀಳಬಹುದು. ಸಾಲದಿದ್ದರೆ ಅಂಗಡಿಯಲ್ಲಿ ಸಿಗುವ ಕಪ್ಪೆಚಿಪ್ಪಿನ ಪುಡಿ ತನ್ನಿ.

ಇದನ್ನು ಮೇವಿಗೆ ಕಲಸದೆ ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಕೋಳಿ ಬೇಕಾದಷ್ಟೇ ತಿನ್ನುತ್ತದೆ. ಸಿಪ್ಪೆ ಗಟ್ಟಿಯಾಗುವುದು ಹೆಚ್ಚಾಗಿ ರಾತ್ರಿ ಹೊತ್ತು, ಹಾಗಾಗಿ ಸಂಜೆ ಬಟ್ಟಲು ಖಾಲಿ ಇರಬಾರದು. ಮರಿಗಳಿಗೆ ಮಾತ್ರ ಇದು ಸಿಗದಂತೆ ನೋಡಿಕೊಳ್ಳಿ, ಅವುಗಳ ಕಿಡ್ನಿಗೆ ಪೆಟ್ಟು ಬೀಳುತ್ತದೆ.