ರೋಗಿಗಳೇ ಸಿಗದ ಕಡೆ ಮಲೇರಿಯಾ ಅಳೆಯುವುದು: ಪ್ರತಿಕಾಯ ಸಮೀಕ್ಷೆಯಲ್ಲಿ ನನ್ನ ಅನುಭವ

ಮಲೇರಿಯಾ ಬಹುಮಟ್ಟಿಗೆ ಇಳಿದುಹೋಗಿರುವ ಪ್ರದೇಶದಲ್ಲಿ ಅದರ ಹರಡುವಿಕೆಯನ್ನು ಅಳೆಯುವುದು, ಅದು ಹೆಚ್ಚಾಗಿರುವ ಕಡೆ ಅಳೆಯುವುದಕ್ಕಿಂತ ಕಷ್ಟ. ಕ್ಷೇತ್ರದ ಪರಿಸ್ಥಿತಿಯಲ್ಲಿ ರಕ್ತಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 50ರಿಂದ 100 ಪರಾವಲಂಬಿಗಳಾದರೂ ಇಲ್ಲದಿದ್ದರೆ ಸೋಂಕು ಕಣ್ಣಿಗೆ ಬೀಳುವುದಿಲ್ಲ. ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಇದಕ್ಕಿಂತ ಎಷ್ಟೋ ಸೂಕ್ಷ್ಮವಾದರೂ ಅದು ಹೇಳುವುದು ರಕ್ತ ತೆಗೆದ ಆ ದಿನದ ಸ್ಥಿತಿಯನ್ನು ಮಾತ್ರ. ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಸಾವಿರಗಟ್ಟಲೆ ಸೊಳ್ಳೆಗಳನ್ನು ಹಿಡಿದು ಪರೀಕ್ಷಿಸಿದರೂ ಸೋಂಕು ಹೊತ್ತ ಸೊಳ್ಳೆ ಒಂದೂ ಸಿಗದಿರಬಹುದು. ನಮ್ಮ ತಂಡ ಪ್ರತಿಕಾಯಗಳ ಕಡೆಗೆ ತಿರುಗಿದ್ದು ಈ ಕಾರಣಕ್ಕೆ. ಪರಾವಲಂಬಿ ರಕ್ತದಿಂದ ಹೋದ ಮೇಲೂ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಆದ್ದರಿಂದ ಸೋಂಕಿನ ಋತು ಮುಗಿದ ಮೇಲೆ ಹೋದರೂ ಅದರ ಗುರುತು ಸಿಗುತ್ತದೆ.

ಈ ಉಪಾಯ ಹೊಸದೇನಲ್ಲ. 1970ರ ದಶಕದಲ್ಲಿಯೇ ಮಲೇರಿಯಾ ತಜ್ಞ ಬ್ರೂಸ್-ಚ್ವಾಟ್ ಮತ್ತು ಅವರ ಸಹೋದ್ಯೋಗಿಗಳು ಮಾರಿಷಸ್ ಮತ್ತು ಗ್ರೀಸ್‌ಗಳಲ್ಲಿ ಮಲೇರಿಯಾ ನಿಂತಿದೆಯೇ ಎಂಬುದನ್ನು ಜನರ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಪರೀಕ್ಷಿಸಿ ನೋಡಿದ್ದರು. ಅಂದಿನಿಂದ ಪ್ರತಿಜನಕಗಳೂ (ಪ್ರತಿಕಾಯಗಳು ಗುರುತಿಸಿ ಅಂಟಿಕೊಳ್ಳುವ ಪರಾವಲಂಬಿಯ ಭಾಗಗಳು) ಯಂತ್ರಗಳೂ ಬದಲಾಗಿವೆ, ಆದರೆ ಮೂಲ ಪ್ರಶ್ನೆ ಬದಲಾಗಿಲ್ಲ: ಹರಡುವಿಕೆ ನಿಂತಿತೆಂದು ಹೇಳುವ ಕಾಲದ ನಂತರ ಹುಟ್ಟಿದ ಮಕ್ಕಳ ರಕ್ತದಲ್ಲಿ ಪ್ರತಿಕಾಯ ಇದೆಯೇ, ಇಲ್ಲವೇ? ನನ್ನ ಅನುಭವದಲ್ಲಿ ಇಡೀ ಸಮೀಕ್ಷೆಯ ತಿರುಳು ಇಷ್ಟೇ. ಊರಿಗೆ ಶೇಕಡಾ ಎಷ್ಟು ಜನರಲ್ಲಿ ಪ್ರತಿಕಾಯವಿದೆ ಎಂಬ ಒಟ್ಟು ಸಂಖ್ಯೆಯನ್ನು ಅಧಿಕಾರಿಗಳು ಮೊದಲು ಕೇಳುತ್ತಾರೆ, ಆದರೆ ದಾರಿ ತಪ್ಪಿಸುವುದೂ ಅದೇ ಸಂಖ್ಯೆ; ಏಕೆಂದರೆ ವಯಸ್ಸಾದವರ ರಕ್ತದಲ್ಲಿ ಎಂದೋ ಮುಗಿದುಹೋದ ದಶಕಗಳ ಮಲೇರಿಯಾ ಇನ್ನೂ ಉಳಿದಿರುತ್ತದೆ. ವೃದ್ಧರೇ ಹೆಚ್ಚಿರುವ ಊರು, ಇಂದು ಒಂದು ಸೋಂಕೂ ಇಲ್ಲದಿದ್ದರೂ, ಲೆಕ್ಕದಲ್ಲಿ ಅಪಾಯದ ಊರಾಗಿ ಕಾಣುತ್ತದೆ.

ಆದ್ದರಿಂದ ಮಾದರಿ ಆಯ್ಕೆಯಲ್ಲಿ ನಾವು ವಯಸ್ಸಿಗೆ ಮೊದಲ ಸ್ಥಾನ ಕೊಟ್ಟೆವು. ಶಾಲೆಗಳಲ್ಲಿ ರಕ್ತ ಸಂಗ್ರಹಿಸುವುದು ಸುಲಭ ಮತ್ತು ಅಗ್ಗ, ಆದರೆ ಅಲ್ಲಿ ಐದು ವರ್ಷದೊಳಗಿನವರು ಸಿಗುವುದಿಲ್ಲ. ನಮಗೆ ಎಲ್ಲರಿಗಿಂತ ಮುಖ್ಯವಾದವರು ಅವರೇ. ಹಾಗಾಗಿ ಮನೆಮನೆಗೆ ಹೋಗಿ ಚಿಕ್ಕ ಮಕ್ಕಳನ್ನು ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಹೆಚ್ಚಾಗಿಯೇ ಸೇರಿಸಿಕೊಂಡೆವು. ಒಂದು ವರ್ಷದೊಳಗಿನ ಶಿಶುಗಳನ್ನು ವಿಶ್ಲೇಷಣೆಯಿಂದ ಹೊರಗಿಟ್ಟೆವು, ಏಕೆಂದರೆ ಅವರಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಇನ್ನೂ ಉಳಿದಿರಬಹುದು. ವಯಸ್ಸನ್ನು ಬಾಯಿಮಾತಿನಲ್ಲಿ ಕೇಳಿದರೆ ದೊಡ್ಡವರೆಲ್ಲ ಮೂವತ್ತು, ಮೂವತ್ತೈದು, ನಲವತ್ತು ಎಂದು ದುಂಡಗೆ ಹೇಳುತ್ತಾರೆ. ದೊಡ್ಡವರ ವಿಷಯದಲ್ಲಿ ಇದನ್ನು ಸಹಿಸಿಕೊಳ್ಳಬಹುದು, ಆದರೆ ಮಕ್ಕಳಿಗೆ ಜನ್ಮ ದಾಖಲೆಯನ್ನೋ ಲಸಿಕೆ ಕಾರ್ಡನ್ನೋ ನೋಡದೆ ವಯಸ್ಸು ಬರೆಯಬಾರದೆಂದು ಕ್ಷೇತ್ರ ಕಾರ್ಯಕರ್ತರಿಗೆ ಕಟ್ಟುನಿಟ್ಟಾಗಿ ಹೇಳಿದ್ದೆವು. ಪ್ರತಿಯೊಬ್ಬರೂ ಈ ಊರಿನಲ್ಲಿಯೇ ಹುಟ್ಟಿ ಬೆಳೆದವರೇ, ಹಿಂದೆ ಎಲ್ಲಿದ್ದರು, ಇತ್ತೀಚೆಗೆ ಎಲ್ಲಿಗೆ ಹೋಗಿಬಂದರು ಎಂಬುದನ್ನೂ ಬರೆದುಕೊಂಡೆವು. ಪ್ರತಿಕಾಯ ಬೇರೆ ಊರಿನಲ್ಲಿ ತಗುಲಿದ ಸೋಂಕಿನದೂ ಆಗಿರಬಹುದಲ್ಲ.

ರಕ್ತ ತೆಗೆಯುವ ಕೆಲಸ ಸರಳ: ಬೆರಳ ತುದಿಗೆ ಲ್ಯಾನ್ಸೆಟ್ ಚುಚ್ಚಿ, ಫಿಲ್ಟರ್ ಪೇಪರಿನ ಮೇಲೆ ರಕ್ತದ ಬೊಟ್ಟುಗಳನ್ನು ಬೀಳಿಸಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಸಿಲಿಕಾ ಜೆಲ್ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡುವುದು. ಇಲ್ಲಿನ ಶತ್ರು ತೇವಾಂಶ. ಅರ್ಧ ಒಣಗಿದ ಕಾಗದವನ್ನು ಚೀಲಕ್ಕೆ ಹಾಕಿದರೆ ಶಿಲೀಂಧ್ರ ಬೆಳೆಯುತ್ತದೆ, ಪ್ರತಿಕಾಯ ಹಾಳಾಗುತ್ತದೆ, ಮತ್ತು ಆ ಫಲಿತಾಂಶ ಪ್ರಯೋಗಾಲಯದಲ್ಲಿ ‘ಸೋಂಕು ಆಗಿರಲಿಲ್ಲ’ ಎಂಬಂತೆ ಕಾಣುತ್ತದೆ. ಒದ್ದೆಯಾದಾಗ ಬಣ್ಣ ಬದಲಿಸುವ ಜೆಲ್ಲನ್ನೇ ಬಳಸಿದ್ದರಿಂದ ಯಾವ ಚೀಲದ ಜೆಲ್ ಬದಲಿಸಬೇಕೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಜ್ವರವಿದ್ದವರಿಗೆ ಅಲ್ಲಿಯೇ ಕ್ಷಿಪ್ರ ಪರೀಕ್ಷೆ ಮಾಡಿ, ಸೋಂಕು ಕಂಡವರಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡುತ್ತಿದ್ದೆವು. ಪ್ರತಿಕಾಯ ಪರೀಕ್ಷೆ ಇಂದಿನ ಕಾಯಿಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಒಪ್ಪಿಗೆ ಪಡೆಯುವಾಗಲೇ ವಿವರಿಸುವುದು ಒಳ್ಳೆಯದು, ಇಲ್ಲವಾದರೆ ಜನ ವರದಿಗಾಗಿ ಕಾಯುತ್ತಾರೆ.

ಪ್ರಯೋಗಾಲಯದಲ್ಲಿ ಬೊಟ್ಟಿನಿಂದ ಚಿಕ್ಕ ಬಿಲ್ಲೆಯನ್ನು ಕತ್ತರಿಸಿ ದ್ರಾವಣದಲ್ಲಿ ನೆನೆಸಿ, ಹೊರಬಂದ ಪ್ರತಿಕಾಯಗಳನ್ನು, ಬಣ್ಣದ ಗಾಢತೆಯಿಂದ ಅವುಗಳ ಪ್ರಮಾಣ ತಿಳಿಸುವ ಎಲೈಸಾ ವಿಧಾನದಲ್ಲಿ ಅಳೆದೆವು. ಮಲೇರಿಯಾ ಪರಾವಲಂಬಿಯ ಜಾತಿಗಳಾದ ಫಾಲ್ಸಿಪರಂ ಮತ್ತು ವೈವಾಕ್ಸ್ ಎರಡಕ್ಕೂ ಎಂಎಸ್‌ಪಿ-1ರ 19 ಕಿಲೋಡಾಲ್ಟನ್ ಭಾಗ ಹಾಗೂ ಎಎಂಎ-1 ಎಂಬ ಪ್ರತಿಜನಕಗಳನ್ನು ಆರಿಸಿಕೊಂಡೆವು. ಮಾದರಿ ಹಾಕುವ ಚಿಕ್ಕ ಕುಳಿಗಳಿರುವ ಪ್ರತಿ ಪ್ಲೇಟಿನಲ್ಲಿಯೂ ಹಿಂದೆ ಹಲವು ಬಾರಿ ಮಲೇರಿಯಾ ಕಂಡವರ ಸೀರಮ್‌ಗಳನ್ನು ಬೆರೆಸಿ ಮಾಡಿದ ನಿಯಂತ್ರಣ ಮಾದರಿಯನ್ನು ಹಂತಹಂತವಾಗಿ ತೆಳುಗೊಳಿಸಿ ಇಟ್ಟು, ಅದರಿಂದ ಸಿಕ್ಕ ಅಳತೆಯ ರೇಖೆಗೆ ಹೋಲಿಸಿಯೇ ಉಳಿದ ಅಳತೆಗಳನ್ನು ಸರಿಹೊಂದಿಸುತ್ತಿದ್ದೆವು. ಒಂದು ಊರಿನ ಮಾದರಿಗಳನ್ನೆಲ್ಲ ಒಂದೇ ಪ್ಲೇಟಿಗೆ ಹಾಕುವ ಆಸೆ ಸಹಜ, ಏಕೆಂದರೆ ಚೀಲಗಳು ಹಾಗೆಯೇ ಬಂದಿರುತ್ತವೆ. ಆದರೆ ಹಾಗೆ ಮಾಡಿದರೆ ಪ್ಲೇಟುಗಳ ನಡುವಿನ ಏರುಪೇರು ಊರುಗಳ ನಡುವಿನ ವ್ಯತ್ಯಾಸವೆಂಬಂತೆ ತೋರುತ್ತದೆ. ಊರುಗಳನ್ನೂ ವಯಸ್ಸುಗಳನ್ನೂ ಬೆರೆಸಿಯೇ ಪ್ಲೇಟುಗಳನ್ನು ತುಂಬಿದೆವು. ಇನ್ನೊಂದು ಸೂಕ್ಷ್ಮವೂ ಇದೆ. ಇಂತಹ ಪ್ರತಿಜನಕಗಳನ್ನು ತಯಾರಿಸುವಾಗ ಅವಕ್ಕೆ ಜಿಎಸ್‌ಟಿ ಎಂಬ ಪ್ರೋಟೀನನ್ನು ಅಂಟಿಸುವುದುಂಟು, ಮತ್ತು ಸಾಮಾನ್ಯವಾಗಿ ಬಳಸುವ ಜಿಎಸ್‌ಟಿ ಮೂಲತಃ ಶಿಸ್ಟೊಸೋಮಾ ಎಂಬ ಹುಳುವಿನದು. ಆ ಹುಳುವಿನ ಸೋಂಕು ಇರುವ ಕಡೆ ಬರಿಯ ಜಿಎಸ್‌ಟಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸದಿದ್ದರೆ, ಮಲೇರಿಯಾ ಎಂದುಕೊಂಡದ್ದು ಬೇರೆಯೇ ಆಗಿರುತ್ತದೆ.

ಎಲ್ಲಕ್ಕಿಂತ ಹೆಚ್ಚು ಚರ್ಚೆ ನಡೆದದ್ದು ಮಿತಿರೇಖೆಯ ಬಗ್ಗೆ: ಅಳತೆ ಎಷ್ಟರ ಮೇಲಿದ್ದರೆ ‘ಪ್ರತಿಕಾಯ ಇದೆ’ ಎನ್ನುವುದು? ಮಲೇರಿಯಾವನ್ನು ಎಂದೂ ಕಾಣದ ಜನರ ಅಳತೆಗಳ ಸರಾಸರಿಗೆ ಪ್ರಮಾಣ ವಿಚಲನೆಯ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಮಾನ) ಮೂರು ಪಟ್ಟು ಸೇರಿಸುವುದು ಒಂದು ದಾರಿ. ಸಮೀಕ್ಷೆಯ ಮಾಹಿತಿಯನ್ನೇ ಪ್ರತಿಕಾಯ ಇಲ್ಲದವರ ಕೆಳಗಿನ ಗುಂಪು, ಇರುವವರ ಮೇಲಿನ ಗುಂಪು ಎಂಬ ಎರಡು ಗುಂಪುಗಳ ಮಿಶ್ರಣವೆಂದು ಭಾವಿಸಿ, ಕೆಳಗಿನ ಗುಂಪಿನಿಂದ ಅದೇ ರೀತಿ ಲೆಕ್ಕ ಹಾಕುವುದು ಇನ್ನೊಂದು. ಹರಡುವಿಕೆ ಕಡಿಮೆ ಇರುವ ಕಡೆ ಮೇಲಿನ ಗುಂಪು ಎಷ್ಟು ಚಿಕ್ಕದೆಂದರೆ ಮಿಶ್ರಣದ ಲೆಕ್ಕ ಅದನ್ನು ಕಂಡುಹಿಡಿಯಲು ತಡಕಾಡುತ್ತದೆ. ಹಾಗಾಗಿ ಎರಡೂ ದಾರಿಗಳಲ್ಲಿ ಲೆಕ್ಕ ಹಾಕಿ ಹೋಲಿಸುವುದು ನನಗೆ ಸರಿಯೆನಿಸಿತು. ಇಲ್ಲಿ ಸಣ್ಣ ಸಡಿಲಿಕೆಯೂ ದುಬಾರಿ. 1000 ಮಕ್ಕಳಲ್ಲಿ ನಿಜವಾಗಿ ಸೋಂಕು ಕಂಡವರು 10 ಮಂದಿ ಎಂದುಕೊಳ್ಳಿ. ನಮ್ಮ ಪರೀಕ್ಷೆ ಅವರಲ್ಲಿ 9 ಜನರನ್ನು ಗುರುತಿಸಿತು, ಉಳಿದ 990 ಮಕ್ಕಳಲ್ಲಿ ಶೇ. 97ರಷ್ಟನ್ನು ಮಾತ್ರ ಸರಿಯಾಗಿ ‘ಇಲ್ಲ’ ಎಂದಿತು ಎಂದರೆ, ಸುಮಾರು 30 ಮಕ್ಕಳು ಸುಳ್ಳೇ ಸೋಂಕಿತರ ಪಟ್ಟಿಗೆ ಸೇರುತ್ತಾರೆ. 39 ಹೆಸರುಗಳಲ್ಲಿ ನಿಜವಾದವು 9 ಮಾತ್ರ. ಇದೇ ಕಾರಣಕ್ಕೆ ಒಂದೇ ಪ್ರತಿಜನಕಕ್ಕೆ, ಅದೂ ಮಿತಿರೇಖೆಯ ಅಂಚಿನಲ್ಲಿ ಪ್ರತಿಕ್ರಿಯಿಸಿದ ಮಗುವನ್ನು ನಾವು ಆಧಾರವಾಗಿ ಹಿಡಿಯಲಿಲ್ಲ. ಎರಡು ಪ್ರತಿಜನಕಗಳಿಗೂ ಪ್ರತಿಕ್ರಿಯೆ ಇದ್ದಾಗ, ಅಥವಾ ಒಂದೇ ಬೀದಿಯ ಕೆಲವು ಮಕ್ಕಳಲ್ಲಿ ಒಟ್ಟಿಗೆ ಕಂಡಾಗ ಮಾತ್ರ ಮಾತಾಡಿದೆವು.

ವಿಶ್ಲೇಷಣೆಯಲ್ಲಿ ವಯಸ್ಸಿನ ಎದುರು ಪ್ರತಿಕಾಯವಿರುವವರ ಪ್ರಮಾಣವನ್ನು ಗುರುತಿಸಿ ರೇಖೆ ಎಳೆಯುತ್ತೇವೆ. ವರ್ಷಕ್ಕೆ ಎಷ್ಟು ಜನ ಹೊಸದಾಗಿ ಪ್ರತಿಕಾಯ ಪಡೆಯುತ್ತಾರೆ, ಎಷ್ಟು ಜನ ಅದನ್ನು ಕಳೆದುಕೊಳ್ಳುತ್ತಾರೆ ಎಂಬ ಎರಡು ದರಗಳಿಂದ ಆ ರೇಖೆಯ ಆಕಾರ ತಿಳಿಯುತ್ತದೆ. ಪಡೆಯುವ ದರ 0.01 ಎಂದರೆ ವರ್ಷಕ್ಕೆ ನೂರರಲ್ಲಿ ಸರಿಸುಮಾರು ಒಬ್ಬರು. ಆ ಲೆಕ್ಕದಲ್ಲಿ, ಕಳೆದುಕೊಳ್ಳುವುದನ್ನು ಬದಿಗಿಟ್ಟರೆ, ಹತ್ತು ವರ್ಷದವರಲ್ಲಿ ಶೇ. 9.5ರಷ್ಟು ಮಂದಿಯಲ್ಲಿ ಪ್ರತಿಕಾಯ ಇರಬೇಕು. ಹಿಂದೊಮ್ಮೆ ಹರಡುವಿಕೆ ಒಮ್ಮೆಲೇ ಕುಸಿದಿದ್ದರೆ ರೇಖೆ ಒಂದು ವಯಸ್ಸಿನ ಬಳಿ ಮುರಿದಂತೆ ಕಾಣುತ್ತದೆ: ಅದಕ್ಕಿಂತ ಕಿರಿಯರಲ್ಲಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಹಿರಿಯರಲ್ಲಿ ತಟ್ಟನೆ ಏರುತ್ತದೆ. ಆ ಮುರಿತದ ವಯಸ್ಸನ್ನು ಸಮೀಕ್ಷೆಯ ವರ್ಷದಿಂದ ಕಳೆದರೆ ಸೊಳ್ಳೆಪರದೆಯೋ ಕೀಟನಾಶಕ ಸಿಂಪಡಣೆಯೋ ಶುರುವಾದ ಕಾಲಕ್ಕೆ ಅದು ಹೊಂದುತ್ತದೆಯೇ ಎಂದು ನೋಡಬಹುದು. ಚಿಕ್ಕ ಮಕ್ಕಳಲ್ಲಿ ಒಬ್ಬರಲ್ಲಿಯೂ ಪ್ರತಿಕಾಯ ಕಾಣದಿದ್ದಾಗಲೂ ‘ಇಲ್ಲ’ ಎಂದು ಬರೆಯುವಂತಿಲ್ಲ: 300 ಮಕ್ಕಳಲ್ಲಿ ಸೊನ್ನೆ ಬಂದರೆ, ಶೇ. 95ರ ವಿಶ್ವಾಸದಲ್ಲಿ ನಿಜವಾದ ಪ್ರಮಾಣ ಸುಮಾರು ಶೇ. 1ಕ್ಕಿಂತ ಕಡಿಮೆ ಎಂದಷ್ಟೇ ಹೇಳಬಹುದು.

ಈ ಎರಡು ಪ್ರತಿಜನಕಗಳ ದೌರ್ಬಲ್ಯವೆಂದರೆ ಅವುಗಳ ನೆನಪು ಉದ್ದ. ಇತ್ತೀಚಿನ ಸೋಂಕನ್ನು ತೋರಿಸಲು ಬೇಗ ಮಾಯವಾಗುವ ಪ್ರತಿಕಾಯಗಳು ಬೇಕು. ಫಾಲ್ಸಿಪರಂಗೆ ಈಟ್ರ್ಯಾಂಪ್-5 ಎಂಬ ಪ್ರತಿಜನಕದ ವಿರುದ್ಧದ ಪ್ರತಿಕಾಯ ಅಂಥದೊಂದು. ವೈವಾಕ್ಸ್‌ಗೆ ಎಂಟು ಪ್ರತಿಜನಕಗಳನ್ನು ಕೂಡಿಸಿ, ಕಳೆದ 9 ತಿಂಗಳಲ್ಲಿ ಸೋಂಕಾಗಿತ್ತೇ ಎಂಬುದನ್ನು ಶೇ. 80ರಷ್ಟು ನಿಖರತೆಯಿಂದ ಹೇಳಬಹುದೆಂದು 2020ರಲ್ಲಿ ಸಂಶೋಧಕರು ತೋರಿಸಿದ್ದಾರೆ. ವೈವಾಕ್ಸ್ ಯಕೃತ್ತಿನಲ್ಲಿ ಅಡಗಿದ್ದು ಮರುಕಳಿಸುವ ಜಾತಿಯಾದ್ದರಿಂದ ಇದರ ಪ್ರಯೋಜನ ಬರಿಯ ಅಳತೆಗೆ ನಿಲ್ಲುವುದಿಲ್ಲ, ಯಾರಲ್ಲಿ ಅದು ಅಡಗಿರಬಹುದೆಂಬ ಸುಳಿವೂ ಸಿಗುತ್ತದೆ. ಆದರೆ ಹೊಸ ಕಡಿತದ ಸೋಂಕು ಯಾವುದು, ಹಳೆಯದರ ಮರುಕಳಿಕೆ ಯಾವುದು ಎಂಬುದನ್ನು ಪ್ರತಿಕಾಯ ಬಿಡಿಸಿ ಹೇಳುವುದಿಲ್ಲ.

ಹೀಗಾಗಿ ನಮ್ಮ ವರದಿಯಲ್ಲಿ ಒಟ್ಟು ಶೇಕಡಾವಾರನ್ನು ಕೊನೆಯ ಕೋಷ್ಟಕಕ್ಕೆ ತಳ್ಳಿ, ಮೊದಲ ಪುಟದಲ್ಲಿ ಹತ್ತು ವರ್ಷದೊಳಗಿನವರ ರೇಖೆಯನ್ನೂ, ಪ್ರತಿಕಾಯ ಕಂಡ ಮಕ್ಕಳ ಗುಂಪುಗಳಿರುವ ಊರುಗಳ ಪಟ್ಟಿಯನ್ನೂ ಇಟ್ಟೆವು. ಪ್ರತಿಯೊಂದು ಗುಂಪಿನ ಬಳಿ ಆ ಮಕ್ಕಳು ಊರು ಬಿಟ್ಟು ಹೋಗಿದ್ದರೇ ಎಂಬುದನ್ನು ಬರೆದೆವು. ಎಲ್ಲಿಗೂ ಹೋಗದ ಮಕ್ಕಳಲ್ಲಿ ಪ್ರತಿಕಾಯ ಕಂಡ ಊರುಗಳಲ್ಲಿ ಮನೆಯವರೆಲ್ಲರ ಪಿಸಿಆರ್ ಪರೀಕ್ಷೆ ಮತ್ತು ಸೊಳ್ಳೆ ಮರಿಗಳ ತಾಣಗಳ ಹುಡುಕಾಟ ಮೊದಲು ನಡೆಯಬೇಕೆಂದು ಸೂಚಿಸಿದೆವು. ಉಳಿದ ರಕ್ತದ ಬೊಟ್ಟುಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದೇವೆ. ಮುಂದಿನ ಸಮೀಕ್ಷೆಯ ಪ್ಲೇಟುಗಳಲ್ಲಿ ಇವುಗಳಲ್ಲಿ ಕೆಲವನ್ನು ಮತ್ತೆ ಓಡಿಸಿದರೆ ಎರಡು ಸುತ್ತಿನ ಅಳತೆಗಳನ್ನು ಒಂದೇ ಮಾನದಲ್ಲಿ ಹೋಲಿಸಲು ಸಾಧ್ಯವಾಗುತ್ತದೆ.