ಫಿರೋಜಾ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಯಾವುದು?

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ಪೇಟೆಯ ಬೆಳ್ಳಿ ಅಂಗಡಿಗಳಲ್ಲಿ, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಸುತ್ತಲಿನ ಮಳಿಗೆಗಳಲ್ಲಿ ಆಕಾಶನೀಲಿ ಹರಳಿನ ಉಂಗುರ, ಓಲೆ, ಮಣಿಸರಗಳು ಕಣ್ಣಿಗೆ ಬೀಳುತ್ತವೆ. ಅಂಗಡಿಯವರು ಫಿರೋಜಾ ಎನ್ನುತ್ತಾರೆ, ಆನ್‌ಲೈನ್‌ನಲ್ಲಿ ಟರ್ಕೋಯಿಸ್ ಎಂದು ಹುಡುಕಬೇಕು. ಕೊಳ್ಳಲು ಹೋದವರೆಲ್ಲ ಕೇಳುವುದು ಒಂದೇ: "ಇದು ಒರಿಜಿನಲ್ಲಾ?" ಬರುವ ಉತ್ತರವೂ ಒಂದೇ: "ಒರಿಜಿನಲ್ಲೇ ಮೇಡಂ." ಆ ಉತ್ತರ ಸುಳ್ಳಲ್ಲದಿದ್ದರೂ ನೀವು ಹೆಚ್ಚು ದುಡ್ಡು ಕೊಟ್ಟು ಬರಬಹುದು. ಗಣಿಯಿಂದ ಬಂದ ನಿಜವಾದ ಹರಳಿಗೇ ಅಂಟು ತುಂಬಿರುತ್ತಾರೆ, ಬಣ್ಣ ಹಾಕಿರುತ್ತಾರೆ, ಪುಡಿ ಮಾಡಿ ಮತ್ತೆ ಗಟ್ಟಿ ಮಾಡಿರುತ್ತಾರೆ. ಆದ್ದರಿಂದ ಕೇಳಬೇಕಾದದ್ದು "ಈ ಹರಳಿಗೆ ಏನೇನು ಮಾಡಿದ್ದಾರೆ?" ಎಂದು. ಉತ್ತರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಉಳಿದ ಪರೀಕ್ಷೆಗಳೆಲ್ಲ ಇದಕ್ಕೆ ಬೆಂಬಲ ಅಷ್ಟೇ.

ಮೊದಲು ಹರಳಿನ ಗುಣ ತಿಳಿಯಿರಿ

ಫಿರೋಜಾ ಎಂದರೆ ತಾಮ್ರ ಮತ್ತು ಅಲ್ಯೂಮಿನಿಯಂ ಇರುವ, ತನ್ನೊಳಗೆ ನೀರನ್ನೂ ಕಟ್ಟಿಕೊಂಡಿರುವ ಒಂದು ಫಾಸ್ಫೇಟ್ ಖನಿಜ. ಒಣ ಸೀಮೆಗಳಲ್ಲಿ ಬಂಡೆಯ ಬಿರುಕಿಗೆ ಇಳಿದ ನೀರು ತಾಮ್ರವನ್ನು ಕರಗಿಸಿಕೊಂಡು ಹೋಗಿ, ಅಲ್ಲಿ ಎಳೆ ಎಳೆಯಾಗಿ ಇದನ್ನು ಕಟ್ಟುತ್ತದೆ. ಇರಾನಿನ ನಿಶಾಪುರ, ಈಜಿಪ್ಟಿನ ಸಿನಾಯ್, ಅಮೆರಿಕದ ಅರಿಜೋನಾ ಮತ್ತು ನೆವಾಡಾ, ಚೀನಾದ ಹುಬೇ ಪ್ರಾಂತ್ಯ ಇದಕ್ಕೆ ಹೆಸರಾದ ಜಾಗಗಳು. ನೀಲಿಗೆ ಕಾರಣ ತಾಮ್ರ. ತೋಟಕ್ಕೆ ಹೊಡೆಯುವ ಮೈಲುತುತ್ತದ ನೀಲಿಯೂ ತಾಮ್ರದಿಂದಲೇ ಬಂದದ್ದು. ಅಲ್ಯೂಮಿನಿಯಂನ ಜಾಗಕ್ಕೆ ಕಬ್ಬಿಣ ಸೇರಿದಷ್ಟೂ ಬಣ್ಣ ಹಸಿರಿಗೆ ಹೊರಳುತ್ತದೆ. ಹಾಗಾಗಿ ಹಸಿರು ಛಾಯೆ ಕಂಡೊಡನೆ ನಕಲಿ ಎಂದು ತಳ್ಳಬೇಡಿ. 1961ರಿಂದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರು ಹವಳದ ಜೊತೆ ಪೋಣಿಸಿ ತೊಡುವ ಹಳೆಯ ಮಣಿಗಳಲ್ಲಿ ಹಸಿರು ಮಿಶ್ರಿತ ನೀಲಿಯೂ ಇರುತ್ತದೆ, ಅವಕ್ಕೆ ಅವರಲ್ಲಿ ಬಹಳ ಗೌರವ.

ಇನ್ನೆರಡು ಗುಣಗಳು ನಿಮ್ಮ ಖರೀದಿಯನ್ನೇ ನಿರ್ಧರಿಸುತ್ತವೆ. ಒಂದು, ಇದು ಮೆದು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇದರದು 5ರಿಂದ 6. ಮನೆಯ ಧೂಳಿನಲ್ಲಿರುವ ಮರಳಿನ ಕಣದ್ದು 7, ಅಂದರೆ ಧೂಳೂ ಇದನ್ನು ಗೀಚಬಲ್ಲದು. ಎರಡು, ಇದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಎಣ್ಣೆ, ಬೆವರು, ಸೆಂಟು ಎಲ್ಲವನ್ನೂ ಹೀರಿಕೊಳ್ಳುತ್ತದೆ. ವ್ಯಾಪಾರಿಗಳು ಇದಕ್ಕೆ ಏನಾದರೂ ತುಂಬುವುದು ಈ ಕಾರಣದಿಂದಲೇ.

ಯಾವ ದರ್ಜೆಯದು ಎಂದು ಕೇಳಿ

ಗಣಿಯಿಂದ ತೆಗೆದು, ಕೊರೆದು, ಪಾಲಿಶ್ ಮಾಡಿದ್ದು ಬಿಟ್ಟರೆ ಬೇರೇನೂ ಮಾಡದ್ದು ನ್ಯಾಚುರಲ್. ಆಭರಣಕ್ಕೆ ಸಾಕಾಗುವಷ್ಟು ಗಟ್ಟಿಯಾದ ಇಂಥ ಹರಳು ಸಿಗುವುದು ಕಡಿಮೆ, ಬೆಲೆಯೂ ಹೆಚ್ಚು. ಮೇಲ್ಮೈಗೆ ಮೇಣ ಹಚ್ಚುವುದು ಹಳೆಯ ಪದ್ಧತಿ, ಹಚ್ಚಿದ್ದಾರೆಯೇ ಎಂದು ಅದನ್ನೂ ಕೇಳಿ.

ಆಮೇಲೆ ಬರುವುದು ಸ್ಟೆಬಿಲೈಸ್ಡ್. ಮೆತ್ತಗಿನ ನಿಜ ಫಿರೋಜಾಕ್ಕೆ ಒತ್ತಡದಲ್ಲಿ ರೆಸಿನ್ (ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ಅಂಟು) ತುಂಬಿ ಗಟ್ಟಿ ಮಾಡಿರುತ್ತಾರೆ. ಬಣ್ಣ ಸೇರಿಸದಿದ್ದರೆ ಇದು ಕೊಳ್ಳಬಾರದ ವಸ್ತುವಲ್ಲ. ದಿನಾ ತೊಡುವ ಉಂಗುರಕ್ಕೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಆಯ್ಕೆ, ಯಾಕೆಂದರೆ ಎಣ್ಣೆ–ಬೆವರಿಗೆ ಬೇಗ ಬಣ್ಣ ಕೆಡುವುದಿಲ್ಲ. ನ್ಯಾಚುರಲ್ ಬೆಲೆ ಕೊಟ್ಟು ಇದನ್ನು ತಂದರೆ ಮಾತ್ರ ನಷ್ಟ. ರೆಸಿನ್ ಜೊತೆ ಬಣ್ಣವನ್ನೂ ತುಂಬಿದ್ದರೆ ಬೆಲೆ ಇನ್ನೂ ಇಳಿಯಬೇಕು.

ರೀಕನ್‌ಸ್ಟಿಟ್ಯೂಟೆಡ್ ಎಂದರೆ ಹರಳಿನ ಪುಡಿಗೆ ಅಂಟು ಸೇರಿಸಿ ಇಟ್ಟಿಗೆಯ ಹಾಗೆ ಅಚ್ಚು ಹಾಕಿದ್ದು. ಎಷ್ಟೋ ಸಲ ಬರೀ ಬಣ್ಣ ಮತ್ತು ರೆಸಿನ್ ಇರುವ ಅಚ್ಚಿಗೂ ಇದೇ ಹೆಸರು ಹೇಳುತ್ತಾರೆ. ಕೊನೆಯದು ಪೂರಾ ಬೇರೆ ಕಲ್ಲು: ಹೌಲೈಟ್ ಮತ್ತು ಮ್ಯಾಗ್ನೆಸೈಟ್. ಎರಡೂ ಬಿಳಿ ಕಲ್ಲು, ಬಣ್ಣವನ್ನು ಚೆನ್ನಾಗಿ ಹೀರುತ್ತವೆ, ಕಪ್ಪು–ಕಂದು ಗೆರೆಗಳೂ ಇರುವುದರಿಂದ ನೀಲಿ ಅದ್ದಿದರೆ ಥೇಟು ಫಿರೋಜಾದಂತೆ ಕಾಣುತ್ತವೆ. ಬಿಳಿ ಟರ್ಕೋಯಿಸ್ ಎಂದು ಮಾರುವುದು ಹೆಚ್ಚಾಗಿ ಇವನ್ನೇ. ಆಫ್ರಿಕನ್ ಟರ್ಕೋಯಿಸ್ ಎನ್ನುವುದು ಜಾಸ್ಪರ್ ಎಂಬ ಬೇರೆಯೇ ಕಲ್ಲು.

ಅಂಗಡಿಯಲ್ಲಿ ನೋಡುವ ಕ್ರಮ

ಹರಳನ್ನು ಹಿಡಿದು ಬಾಗಿಲ ಬಳಿ ಹಗಲು ಬೆಳಕಿಗೆ ಬನ್ನಿ. ಅಂಗಡಿಯ ಎಲ್ಇಡಿ ದೀಪದಡಿ ನೀಲಿಯೆಲ್ಲ ಒಂದೇ ಥರ ಹೊಳೆಯುತ್ತದೆ. ಮಣಿಸರವಾದರೆ ಮಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನೆಲದಿಂದ ಬಂದ ಹರಳುಗಳಲ್ಲಿ ಒಂದು ತುಸು ತಿಳಿ, ಇನ್ನೊಂದು ತುಸು ಹಸಿರು ಇದ್ದೇ ಇರುತ್ತದೆ. ಕಡಿಮೆ ಬೆಲೆಯ ಸರದಲ್ಲಿ ನೂರು ಮಣಿಗಳೂ ಒಂದೇ ಬಣ್ಣ, ಒಂದೇ ನಮೂನೆಯ ಗೆರೆ ಇದ್ದರೆ ಅನುಮಾನಿಸಿ.

ನಂತರ ಮಣಿಯ ತೂತು ನೋಡಿ. ಇದು ನಾನು ಎಲ್ಲರಿಗೂ ಮೊದಲು ಹೇಳಿಕೊಡುವ ಪರೀಕ್ಷೆ. ಬಣ್ಣ ಹಾಕಿದ ಕಲ್ಲಿನಲ್ಲಿ ತೂತಿನ ಅಂಚಿಗೆ ಬಣ್ಣ ದಟ್ಟವಾಗಿ ಮೆತ್ತಿಕೊಂಡಿರುತ್ತದೆ, ಇಲ್ಲವೇ ಒಳಗೆ ಬಿಳಿ ಇಣುಕುತ್ತದೆ. ಅಂಗಡಿಯವರ ಬಳಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ (ಲೂಪ್) ಇರುತ್ತದೆ, ಕೇಳಿ ಪಡೆಯಿರಿ. ಬಿರುಕುಗಳಲ್ಲಿ ಬಣ್ಣ ನಿಂತಿದ್ದರೆ ಡೈ, ದುಂಡು ಗಾಳಿಗುಳ್ಳೆಗಳಿದ್ದರೆ ಗಾಜು ಅಥವಾ ಪ್ಲಾಸ್ಟಿಕ್.

ಜೇಡರ ಬಲೆಯಂಥ ಕಪ್ಪು–ಕಂದು ಗೆರೆಗಳು ಫಿರೋಜಾ ಬೆಳೆದ ಬಂಡೆಯ ಉಳಿಕೆ. ಉಗುರು ಆಡಿಸಿದರೆ ಅಲ್ಲಲ್ಲಿ ತುಸು ತಗ್ಗು ತಾಗಬಹುದು. ಇದನ್ನೊಂದನ್ನೇ ನೆಚ್ಚಬೇಡಿ, ಗೆರೆಗಳನ್ನೂ ಅಚ್ಚಿನಲ್ಲಿ ಮೂಡಿಸುತ್ತಾರೆ. ಒಂದೂ ಗೆರೆಯಿಲ್ಲದ ಅಪ್ಪಟ ನೀಲಿ ಹರಳೂ ನಿಜವಾಗಿರಬಹುದು.

ಕೈಯಲ್ಲಿ ತೂಗಿ ನೋಡಿದರೆ ಪ್ಲಾಸ್ಟಿಕ್ ಹಗುರ ಎನ್ನುವುದು ಕೂಡಲೇ ಗೊತ್ತಾಗುತ್ತದೆ. ಹೌಲೈಟ್ ಮಾತ್ರ ತೂಕದಲ್ಲಿ ಸಿಕ್ಕಿಬೀಳುವುದಿಲ್ಲ.

ಕಾಯಿಸಿದ ಸೂಜಿ ಚುಚ್ಚಿ ವಾಸನೆ ನೋಡುವ ವಿಧಾನವನ್ನು ಹಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಹರಳಿಗೆ ಕಲೆ ಬೀಳುತ್ತದೆ. ಸಾಲದ್ದಕ್ಕೆ, ರೆಸಿನ್ ತುಂಬಿದ ನಿಜ ಫಿರೋಜಾ ಕೂಡ ಪ್ಲಾಸ್ಟಿಕ್ ವಾಸನೆಯನ್ನೇ ಕೊಡಬಹುದು. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಹತ್ತಿಗೆ ನೀಲಿ ಅಂಟುತ್ತದೆಯೇ ಎಂದು ನೋಡುವುದಾದರೆ, ನೀವೇ ಕೊಂಡ ಅಗ್ಗದ ಮಣಿಯ ತೂತಿನ ಬಳಿ ಮಾತ್ರ ನೋಡಿ. ಒಳ್ಳೆಯ ಹರಳಿನ ಮೇಣ ಅದರಿಂದ ಕಿತ್ತುಹೋಗುತ್ತದೆ.

ರೆಸಿನ್ ತುಂಬಿದೆಯೋ ಇಲ್ಲವೋ ಎನ್ನುವುದನ್ನು ಬರಿಗಣ್ಣಿನಲ್ಲಿ ಯಾರೂ ಖಚಿತವಾಗಿ ಹೇಳಲಾರರು. ದೊಡ್ಡ ಮೊತ್ತದ ಹರಳಾದರೆ, ಆಭರಣಕ್ಕೆ ಕೂರಿಸುವ ಮುನ್ನ ಬಿಡಿಯಾಗಿರುವಾಗಲೇ ರತ್ನಪರೀಕ್ಷೆಯ ಪ್ರಯೋಗಾಲಯಕ್ಕೆ ಕಳಿಸಿ, "ಲ್ಯಾಬ್ ವರದಿ ಬೇರೆ ಬಂದರೆ ದುಡ್ಡು ವಾಪಸ್" ಎಂದು ಮೊದಲೇ ಬರೆಸಿಕೊಳ್ಳಿ. ವರದಿಯಲ್ಲಿ ಹರಳಿನ ಹೆಸರಿಗಿಂತ ಟ್ರೀಟ್‌ಮೆಂಟ್ ಬಗ್ಗೆ ಬರೆದ ಸಾಲನ್ನು ಓದಿ.

ಊರಿನ ಹೆಸರಿಗೆ ದುಡ್ಡು ಕೊಡಬೇಡಿ

"ಇರಾನಿ ಮಾಲು" ಎಂದ ಮಾತ್ರಕ್ಕೆ ಬೆಲೆ ಏರಬೇಕಿಲ್ಲ. ಹರಳು ಯಾವ ಗಣಿಯದೆಂದು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಆನ್‌ಲೈನ್‌ನಲ್ಲಿ ಸ್ಲೀಪಿಂಗ್ ಬ್ಯೂಟಿ ಎಂಬ ಹೆಸರು ಕಾಣುತ್ತೀರಿ. ಅರಿಜೋನಾದ ಆ ಗಣಿಯಲ್ಲಿ ಫಿರೋಜಾ ತೆಗೆಯುವುದು 2012ರಲ್ಲೇ ನಿಂತಿದೆ. ಅಗ್ಗದ ಬೆಲೆಗೆ ಆ ಹೆಸರು ಕಂಡರೆ ನಂಬುವ ಮುನ್ನ ಯೋಚಿಸಿ.

ತೂಕ ಮತ್ತು ಬಿಲ್ಲು

5 ಕ್ಯಾರಟ್ ಎಂದರೆ 1 ಗ್ರಾಂ. 12 ಗ್ರಾಂ ಉಂಗುರದಲ್ಲಿ 10 ಕ್ಯಾರಟ್ ಹರಳಿದ್ದರೆ ಬೆಳ್ಳಿ 10 ಗ್ರಾಂ ಮಾತ್ರ. ಒಟ್ಟು ತೂಕಕ್ಕೆ ಬೆಳ್ಳಿ ದರ ಹಾಕಿ, ಮೇಲೆ ಹರಳಿನ ಬೆಲೆಯನ್ನೂ ಸೇರಿಸಿದರೆ ಎರಡು ಗ್ರಾಂಗೆ ಎರಡು ಸಲ ದುಡ್ಡು ಕೊಟ್ಟಂತಾಯಿತು. ಜ್ಯೋತಿಷಿ ಹೇಳಿದರೆಂದು ಕೊಳ್ಳುವವರಿಗೆ ರತ್ತಿ ಎಂಬ ಹಳೆಯ ತೂಕದ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ರತ್ತಿ, ಕ್ಯಾರಟ್ ಎರಡೂ ಒಂದಲ್ಲ, ಗ್ರಾಂನಲ್ಲಿ ತೂಗಿಸಿ. ತೆಳು ಹರಳಿನ ಬೆನ್ನಿಗೆ ಬಲಕ್ಕೆಂದು ಎಪಾಕ್ಸಿ ಅಂಟು ಮೆತ್ತಿದ್ದರೆ ಅದರ ತೂಕವೂ ಕ್ಯಾರಟ್‌ನಲ್ಲಿ ಸೇರಿರುತ್ತದೆ, ತಿರುಗಿಸಿ ನೋಡಿ.

ಬೆಳ್ಳಿಯ ಮೇಲೆ 925 (ಶೇ 92.5 ಬೆಳ್ಳಿ) ಗುರುತು ಹುಡುಕಿ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯೇ ಇಲ್ಲ, ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಚಿನ್ನದ ಒಡವೆಯಾದರೆ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಗುರುತು ಸಂಖ್ಯೆ (ಎಚ್‌ಯುಐಡಿ) ಇರಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಹಾಲ್‌ಮಾರ್ಕ್ ಲೋಹದ ಶುದ್ಧತೆಗೆ ಸಾಕ್ಷಿ, ಹರಳಿಗೂ ಅದಕ್ಕೂ ಸಂಬಂಧವಿಲ್ಲ.

ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ ಲೋಹದ ತೂಕ, ಹರಳಿನ ತೂಕ, ಮಜೂರಿ, ಶೇ 3 ಜಿಎಸ್‌ಟಿ ಬೇರೆ ಬೇರೆಯಾಗಿರಲಿ. ಹರಳಿನ ಸಾಲಿನಲ್ಲಿ ಬರೀ "ಸ್ಟೋನ್" ಎಂದು ಬರೆದರೆ ಒಪ್ಪಬೇಡಿ. "ನ್ಯಾಚುರಲ್ ಟರ್ಕೋಯಿಸ್, ಟ್ರೀಟ್‌ಮೆಂಟ್ ಇಲ್ಲ" ಅಥವಾ "ಸ್ಟೆಬಿಲೈಸ್ಡ್" ಎಂದು ಬರೆಯಲು ಹೇಳಿ. ಬರೆಯಲು ಹಿಂಜರಿಯುವವರ ಹತ್ತಿರ ಹೆಚ್ಚಿನ ಬೆಲೆಯದನ್ನು ಕೊಳ್ಳಬೇಡಿ. ಮುಂದೆ ತಕರಾರು ಬಂದರೆ ಗ್ರಾಹಕ ಸಹಾಯವಾಣಿ 1915ಕ್ಕಾಗಲಿ, ಜಿಲ್ಲಾ ಗ್ರಾಹಕರ ಆಯೋಗಕ್ಕಾಗಲಿ ತೋರಿಸಲು ಇರುವುದು ಆ ಒಂದು ಸಾಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನ್‌ಲೈನ್ ಮಾರಾಟಗಾರ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೂರು ಕೊಡಲು ಇರುವ ಅವಧಿ ಎರಡು ವರ್ಷ.

ಮನೆಗೆ ತಂದ ಮೇಲೆ

ಉಂಗುರದಲ್ಲಿ ಹರಳನ್ನು ನಾಲ್ಕು ಕೊಕ್ಕೆಗಳಿಂದ ಹಿಡಿಸಿದ್ದಕ್ಕಿಂತ ಸುತ್ತ ಲೋಹದ ಅಂಚು ಹೊದಿಸಿದ್ದು ವಾಸಿ. ಮೈಗೆ ತಾಗಲೆಂದು ತಳ ತೆರೆದು ಕಟ್ಟಿಸಿದರೆ ಬೆವರು ಹೀರಿ ಬಣ್ಣ ಹಸಿರಾಗುವ ಸಂಭವ ಹೆಚ್ಚು. ಸ್ನಾನಕ್ಕೆ, ಪಾತ್ರೆ ತೊಳೆಯಲು, ಅರಿಶಿನ ಹಚ್ಚಿಕೊಳ್ಳಲು ಹೊರಟಾಗ ತೆಗೆದಿಡಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ದಿನ ಓಲೆಯನ್ನೂ ತೆಗೆಯಿರಿ. ನಮ್ಮಲ್ಲಿ ಬೆಳ್ಳಿಯನ್ನು ಹುಣಸೆಹಣ್ಣು, ನಿಂಬೆ, ವಿಭೂತಿ ಹಾಕಿ ಉಜ್ಜುವುದು ರೂಢಿ. ಹರಳಿರುವ ಬೆಳ್ಳಿಗೆ ಇವು ಮೂರೂ ಬೇಡ. ಹುಳಿ ಹರಳನ್ನು ತಿನ್ನುತ್ತದೆ, ಪುಡಿ ಗೀಚುತ್ತದೆ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬೇರೆ ಒಡವೆ ತಾಗದಂತೆ ಪುಟ್ಟ ಚೀಲದಲ್ಲಿಡಿ.

ಉಂಗುರ ಸಡಿಲವಾಯಿತೆಂದು ಅಕ್ಕಸಾಲಿಗರ ಬಳಿ ಕೊಟ್ಟರೆ, ಬೆಸುಗೆಗೆ ಮುನ್ನ ಹರಳು ತೆಗೆಯಲು ಹೇಳಿ. ಜ್ವಾಲೆಯ ಶಾಖಕ್ಕೆ ಫಿರೋಜಾ ಬಣ್ಣಗೆಟ್ಟು ಬಿರಿಯುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯುವುದೂ ಬೇಡ ಎಂದು ಕೊಡುವಾಗಲೇ ತಿಳಿಸಿ.