ಕೆರೆಯಂಚಿಗೆ ಜೊಂಡು, ವಾಕಿಂಗ್‌ಗೆ ಬೇರೆ ದಾರಿ

ಬೆಂಗಳೂರಿನ ಎಷ್ಟೋ ಕೆರೆಗಳನ್ನು ಅಭಿವೃದ್ಧಿಯ ಹೆಸರಿನಲ್ಲಿ ಬಾಣಲೆ ಮಾಡಿಟ್ಟಿದ್ದಾರೆ. ಸುತ್ತ ಕಡಿದಾದ ದಡ, ಕಾಲಿಟ್ಟ ಕೂಡಲೇ ಆಳ. ಅಲ್ಲಿ ಕೊಕ್ಕರೆಗೆ ನಿಲ್ಲಲು ನೆಲೆಯಿಲ್ಲ, ಜೊಂಡಿಗೆ ಬೇರೂರಲು ಮಣ್ಣಿಲ್ಲ.

ಅಂಥ ದಡವನ್ನು ಇಳಿಜಾರು ಮಾಡಿ ಗಿಡ ನೆಡುವ ಕೆಲಸ ಶುರುಮಾಡುವ ಮುಂಚೆ ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿ ಪಡೆಯಿರಿ. ನೀರನ್ನು ತಡೆದು ನಿಲ್ಲಿಸುವ ಕಟ್ಟೆಯಾದ ಏರಿಯನ್ನಂತೂ ಮುಟ್ಟಬೇಡಿ: ಅದರ ಕಲ್ಲು ಅಲೆಯ ಹೊಡೆತ ತಡೆಯಲೆಂದೇ ಇರುವುದು. ಅದರ ಮೇಲೆ ಮರ ನೆಟ್ಟರೆ ಬೇರು ಸತ್ತ ಜಾಗದಲ್ಲಿ ನೀರು ಸೋರುತ್ತದೆ. ನಿಮ್ಮ ಜಾಗ ಎದುರು ಬದಿ, ರಾಜಕಾಲುವೆ ಒಳಬರುವ ಕಡೆ. ಅಲ್ಲಿ 8ರಿಂದ 10 ಅಡಿಗೆ 1 ಅಡಿ ಇಳಿಯುವಂತೆ ಮಣ್ಣು ಸವರಿ.

ಹೆಚ್ಚಾದ ನೀರು ಹೊರಹರಿಯುವ ಕೋಡಿಯ ಮಟ್ಟವೇ ಕೆರೆ ತುಂಬಿದಾಗಿನ ಮಟ್ಟ. ಗಾರೆಯವರ ಲೆವೆಲ್ ಪೈಪಿನಿಂದ ಅದನ್ನು ದಡಕ್ಕೆ ತಂದು ಗೂಟ ಹೊಡೆಯಿರಿ. ಗೂಟದ ಮಟ್ಟದಿಂದ ಅರ್ಧ ಅಡಿ ಆಳದವರೆಗೆ ಬಜೆ, ಕೆಸು. 1ರಿಂದ 2 ಅಡಿ ಆಳದಲ್ಲಿ ಜೊಂಡು. ಗೂಟದ ಮೇಲಂಚಿಗೆ ಲಾವಂಚ: ಎಲೆ 20 ಸೆಂ.ಮೀ., ಬೇರು 10 ಸೆಂ.ಮೀ. ಉಳಿಸಿ ಕತ್ತರಿಸಿ, 15 ಸೆಂ.ಮೀ.ಗೊಂದರಂತೆ ಸಾಲು. ಇನ್ನೂ ಮೇಲೆ ಹೊಳೆಮತ್ತಿ, ಹೊಂಗೆ.

ಜೊಂಡಿನ ಗೆಡ್ಡೆ ನೆಡುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಅದರ ಎಲೆಯನ್ನು ಅಡ್ಡ ಕೊಯ್ದು ನೋಡಿ, ಒಳಗೆಲ್ಲ ಗಾಳಿಗೂಡು. ಬೇರು ಉಸಿರಾಡುವುದು ಅದರ ಮೂಲಕವೇ. ನೆಡಲೆಂದು ಎಲೆ ಕತ್ತರಿಸಿದಾಗ ಆ ಕೊಯ್ದ ತುದಿ ಮುಳುಗಿದರೆ ಗೆಡ್ಡೆ ಕೊಳೆಯುತ್ತದೆ. ಆದ್ದರಿಂದ ತುದಿ ನೀರಿನಿಂದ ಒಂದು ಗೇಣು ಮೇಲಿರಲಿ. ಮುಂದೆ ಜೊಂಡು ಮಿತಿಮೀರಿ ಹಬ್ಬಿದಾಗ ಇದೇ ಗುಟ್ಟು ಉಪಯೋಗಕ್ಕೆ ಬರುತ್ತದೆ: ನೀರಿನೊಳಗೇ ಕೊಯ್ಯಿರಿ, ಕಳೆನಾಶಕ ಬೇಡ.

ನೆಡಲು ಜೂನ್ ಸರಿ. ದೊಡ್ಡ ಮಳೆ ಸೆಪ್ಟೆಂಬರ್-ಅಕ್ಟೋಬರಿನದು, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಗಾಳಿಗೆ ತೇಲಿಬರುವ ನೀರು ಹಯಸಿಂತ್ ಎಳೆಗಿಡಗಳನ್ನು ಒತ್ತಿ ಮಲಗಿಸುತ್ತದೆ. ಬಿದಿರಿನ ಬೊಂಬು ಕಟ್ಟಿದ ಹಗ್ಗವನ್ನು ಅಡ್ಡ ಬಿಡಿ. ಹಯಸಿಂತ್ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರೆ ಒಳಚರಂಡಿ ನೀರು ಎಲ್ಲಿಂದಲೋ ಸೇರುತ್ತಿದೆ ಎಂದೇ ಲೆಕ್ಕ. ಮೊದಲು ಅದನ್ನು ಹುಡುಕಿ.

ಇನ್ನು ಜನ. ಕೆರೆಗೆ ಪೂರ್ತಿ ಸುತ್ತು ಹಾಕುವ ದಾರಿ ಬೇಕೆಂದು ಬೇಡಿಕೆ ಬಂದೇ ಬರುತ್ತದೆ, ಒಪ್ಪಬೇಡಿ. ಏರಿಯ ಮೇಲೆ ನಡೆಯಲಿ, ಜೊಂಡಿನ ಬದಿ ಹಕ್ಕಿಗಳಿಗಿರಲಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರಿ ನೆಲದ ಗುಳಿಯಲ್ಲಿ ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ ಇಡುತ್ತದೆ, ಶೂ ತುಳಿದರೂ ಗೊತ್ತಾಗದು. ಆ ಕಡೆ ಕವಳೆಯ ಮುಳ್ಳುಬೇಲಿ ಸಾಕು, ನಾಯಿಗೂ ದಾರಿ ಸಿಗದು. ದೀಪ ಬೇಕೇಬೇಕೆಂದರೆ ಮೊಣಕಾಲೆತ್ತರದ್ದು, ನೆಲಕ್ಕೆ ಮುಖ ಮಾಡಿದ್ದು ಹಾಕಿ. ಮೀನಿಗೆ ಬ್ರೆಡ್, ಕಡಲೆಪುರಿ ಎಸೆಯುವವರಿಗೆ ಉಳಿದದ್ದು ಕೊಳೆತು ನೀರಿನ ಆಮ್ಲಜನಕ ತಿನ್ನುತ್ತದೆಂದು ಹೇಳಿ. ಗಣೇಶನಿಗೆ ಪಕ್ಕದಲ್ಲೇ ಕಲ್ಯಾಣಿ ಇರಲಿ, ಹಬ್ಬ ಮುಗಿದ ಮರುದಿನವೇ ಹೂಳು ಎತ್ತಿಸಿ.